ಮಂಗಳೂರಿನ ಅಲೋಶಿಯಸ್ ಚಾಪೆಲ್: ಹದಿನೈದು ನಿಮಿಷ ಸಾಲುವುದಿಲ್ಲ

ಐದಕ್ಕೆ ಐದು ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಬರೆಯುವುದರಲ್ಲಿ ದಾರಿ, ಪಾರ್ಕಿಂಗ್, ಟೈಮಿಂಗ್‌ಗಿಂತ ಬೇರೆ ಮಾತೇ ಜಾಸ್ತಿ ಇದೆ.

ದಾರಿ ಬೇಕಾದವರಿಗೆ ಇಷ್ಟು ಸಾಕು. ಮಂಗಳೂರಿನ ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಹತ್ತಿದರೆ ಬಾವುಟಗುಡ್ಡೆ. ಅಲ್ಲೇ ಸಂತ ಅಲೋಶಿಯಸ್ ಕಾಲೇಜು, ಈಗ ಅದು ಡೀಮ್ಡ್ ಯೂನಿವರ್ಸಿಟಿ. ಚಾಪೆಲ್, ಅಂದ್ರೆ ಪ್ರಾರ್ಥನೆಯ ಚಿಕ್ಕ ಇಗರ್ಜಿ (ಚರ್ಚು), ಆ ಆವರಣದ ಒಳಗೇ ಇದೆ. ಬಿಜೈನ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಬರಬಹುದು, ಹಂಪನಕಟ್ಟೆಯಿಂದಾದರೆ ನಡೆದೇ ಹತ್ತಬಹುದು. ಏರು ಇದೆ, ಬೆವರು ಕಿತ್ತುಕೊಂಡು ಬರುತ್ತದೆ, ನೀರು ಇಟ್ಟುಕೊಳ್ಳಿ. ಪೂಜೆ, ಮದುವೆ ಇದ್ದರೆ ನೋಡಲು ಬಿಡುವ ಸಮಯ ಹೆಚ್ಚುಕಮ್ಮಿ ಆಗಬಹುದು, ಹೊರಡುವ ಮುಂಚೆ ವಿಚಾರಿಸಿಕೊಂಡರೆ ಒಳ್ಳೆಯದು.

ನಾನು ಇಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲನೇದು ಲೆಕ್ಕಕ್ಕಿಲ್ಲ. ಏಳೆಂಟು ವರ್ಷದ ಹಿಂದೆ ಒಂದು ಟೂರ್ ಪ್ಯಾಕೇಜಿನಲ್ಲಿ ಬಂದಿದ್ದೆವು. ಬೆಳಿಗ್ಗೆ ಕದ್ರಿ, ಆಮೇಲೆ ಚಾಪೆಲ್, ಮಧ್ಯಾಹ್ನ ಊಟ, ಸಂಜೆ ಬೀಚ್. ವ್ಯಾನಿನವರು "ಹದಿನೈದು ನಿಮಿಷ, ಬೇಗ ಬನ್ನಿ" ಅಂತ ಇಳಿಸಿದರು. ಒಳಗೆ ಹೋಗಿ ಕತ್ತು ಎತ್ತಿ "ಅಬ್ಬಾ ಎಷ್ಟು ಚೆನ್ನಾಗಿದೆ" ಅಂದೆವು, ಹೊರಗೆ ಬಂದೆವು. ಏನು ನೋಡಿದೆವು ಅಂತ ಆಮೇಲೆ ಯಾರಾದರೂ ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ನಾವು ಮೈಸೂರಿನ ಕ್ಯಾಥೊಲಿಕ್ ಮನೆಯವರು, ಚಿಕ್ಕಂದಿನಿಂದ ಇಗರ್ಜಿಯಲ್ಲೇ ಬೆಳೆದವರು. ಹಾಗಿದ್ದೂ ಹದಿನೈದು ನಿಮಿಷದಲ್ಲಿ ನನಗೆ ಕಂಡದ್ದು ಬಣ್ಣ ಮಾತ್ರ.

ಎರಡನೇ ಸಲ ಹೋಗಿದ್ದು ಈ ವರ್ಷ, ಅಮ್ಮ ತೀರಿಕೊಂಡ ಎಂಟು ತಿಂಗಳಿಗೆ. ಒಬ್ಬಳೇ. ಮೈಸೂರಿನಿಂದ ರಾತ್ರಿ ಬಸ್ಸು, ಬೆಳಗಿನ ಜಾವ ಮಂಗಳೂರು. ಸಂಬಂಧಿಕರ ಮನೆಯ ಒಂದು ಕೆಲಸ ಇತ್ತು, ಅದು ಹತ್ತು ಗಂಟೆಗೇ ಮುಗಿಯಿತು. ವಾಪಸ್ ಬಸ್ಸು ರಾತ್ರಿಗೆ. ನಡುವೆ ಎಲ್ಲಿಗೆ ಹೋಗುವುದು ಅಂತ ತೋಚದೆ ಇಲ್ಲಿಗೆ ಬಂದೆ. ಫ್ಯಾನು ಇರುವ, ಕೂರಲು ಬೆಂಚು ಇರುವ, ಯಾರೂ ಮಾತಾಡಿಸದ ಜಾಗ ಬೇಕಿತ್ತು, ಅಷ್ಟೇ.

ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಮೇಲೆ ಹೋಗುತ್ತದೆ. ಅದು ಯಾರ ಕೈಯಲ್ಲೂ ಇಲ್ಲ. ಗೋಡೆ, ಕಮಾನು, ಚಾವಣಿ, ಎಲ್ಲೂ ಖಾಲಿ ಜಾಗ ಇಲ್ಲ. ಕೆಲವು ಫ್ರೆಸ್ಕೊ, ಕೆಲವು ಕ್ಯಾನ್ವಾಸ್ ಮೇಲೆ ಬಿಡಿಸಿದ ಎಣ್ಣೆಬಣ್ಣದ ಚಿತ್ರ. ಫ್ರೆಸ್ಕೊ ಅಂದ್ರೆ ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಹಾಕುವುದು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ತಪ್ಪಾದರೆ ಒರೆಸಿ ಮತ್ತೆ ಬರೆಯಲು ಆಗುವುದಿಲ್ಲ, ಅಷ್ಟು ಗಾರೆ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಮುಗಿಸಲು ಸಾಧ್ಯವೋ ಅಷ್ಟೇ ಗಾರೆ ಹಚ್ಚುತ್ತಾರೆ. ಹೀಗೆ ದಿನಕ್ಕೊಂದು ತುಂಡು, ದಿನಕ್ಕೊಂದು ತುಂಡು ಅಂತ ಸೇರಿಸುತ್ತಾ ಹೋಗಬೇಕು, ಅದೂ ಅಟ್ಟಣಿಗೆ ಮೇಲೆ ನಿಂತು, ತಲೆ ಹಿಂದಕ್ಕೆ ಬಗ್ಗಿಸಿ, ಮಂಗಳೂರಿನ ಈ ಸೆಕೆಯಲ್ಲಿ.

ಒಂದು ವಿಷಯ ಹತ್ತಿರದಿಂದ ನೋಡಿ. ಕಂಬಗಳ ಕೆತ್ತನೆ, ಚಾವಣಿಯ ಅಂಚಿನ ಹೂಮಾಲೆ, ಉಬ್ಬುಶಿಲ್ಪದ ಹಾಗೆ ಕಾಣುವ ಅಲಂಕಾರ ಇದೆಯಲ್ಲಾ, ಅದರಲ್ಲಿ ಎಷ್ಟೋ ಕಡೆ ಕೆತ್ತನೆಯೇ ಇಲ್ಲ. ಸಪಾಟು ಗೋಡೆ. ನೆರಳು, ಬೆಳಕು ಎಲ್ಲವೂ ಕುಂಚದ್ದೇ. ನಾನು ಒಂದು ಹೂಮಾಲೆಯನ್ನೇ ಹತ್ತು ನಿಮಿಷ ನೋಡಿದೆ. ಅದರ ಕೆಳಗಿನ ನೆರಳು ನಿಜವಾದ ಕಿಟಕಿಯಿಂದ ಬಂದ ಬೆಳಕಿನದ್ದು ಅಂತಲೇ ನಂಬಿದ್ದೆ. ಮೋಡ ಬಂತು, ಒಳಗಿನ ಬೆಳಕು ಕಮ್ಮಿಯಾಯಿತು, ಆ ನೆರಳು ಮಾತ್ರ ಹಾಗೇ ಇತ್ತು. ಆಗ ಗೊತ್ತಾಯಿತು.

ಇದನ್ನೆಲ್ಲಾ ಬಿಡಿಸಿದವರ ಹೆಸರು ಆಂಟೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಾಮೊ ಪಕ್ಕದ ಸ್ಟೆಜ್ಜಾನೊ ಅನ್ನುವ ಊರಿನವರು, ಹುಟ್ಟಿದ್ದು 1854ರಲ್ಲಿ. ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತರು, ರೋಮಿಗೆ ಹೋಗಿ ಅಲ್ಲಿನ ದೊಡ್ಡ ಕಲಾವಿದರ ಕೆಲಸ ಕಂಡರು. ಚಿತ್ರಗಾರನಾಗಿ ಹೆಸರು ಮಾಡುವ ದಾರಿ ಅವರ ಮುಂದೆ ಇತ್ತು. 1889ರಲ್ಲಿ, 35ರ ವಯಸ್ಸಿನಲ್ಲಿ, ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿಗಳ ಸಭೆ ಸೇರಿದರು. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಈ ವ್ಯತ್ಯಾಸ ಕ್ಯಾಥೊಲಿಕರಲ್ಲದವರಿಗೆ ಅಷ್ಟು ಗೊತ್ತಿರುವುದಿಲ್ಲ. ಬ್ರದರ್ ಆದವರು ಪೂಜೆ ಅರ್ಪಿಸುವುದಿಲ್ಲ. ಅಡುಗೆ, ಬಡಗಿ ಕೆಲಸ, ಹೊಲಿಗೆ, ರೋಗಿಗಳ ಆರೈಕೆ, ಬಾಗಿಲು ಕಾಯುವುದು, ಏನು ಹೇಳಿದರೆ ಅದು. ಮೊಸ್ಕೆನಿ ಬ್ರದರಿಗೆ ಸಿಕ್ಕಿದ ಕೆಲಸ ಚಿತ್ರ ಬಿಡಿಸುವುದು. ಯುರೋಪಿನಲ್ಲಿ ಅಲ್ಲಿ ಇಲ್ಲಿ ಮಾಡಿದರು, ಆಮೇಲೆ ಸಭೆ ಮಂಗಳೂರಿಗೆ ಹೋಗು ಅಂದಿತು, ಬಂದರು. 1899ರಿಂದ 1901ರವರೆಗೆ ಈ ಚಾಪೆಲ್. ಸುಮಾರು ಎರಡೂವರೆ ವರ್ಷ. ಅದು ಮುಗಿಯುತ್ತಿದ್ದ ಹಾಗೆ ಇನ್ನೊಂದು ಕಡೆ, ಮತ್ತೊಂದು ಕಡೆ. ಕೊನೆಗೆ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯಲ್ಲಿ ಕೆಲಸ ಮಾಡುತ್ತಿದ್ದಾಗ ಆಮಶಂಕೆ ಬಂದು 1905ರ ನವೆಂಬರಿನಲ್ಲಿ ತೀರಿಕೊಂಡರು. 51 ವರ್ಷ. ಊರಿಗೆ ವಾಪಸ್ ಹೋಗಲೇ ಇಲ್ಲ.

ಜನ ಇದನ್ನು ಚಾವಣಿಯ ಚಿತ್ರಗಳಿಗೆ ಹೆಸರಾದ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿಗೆ ಹೋಲಿಸುತ್ತಾರೆ. ಹೊಗಳಲಿಕ್ಕೇ ಹೇಳುವುದು, ಗೊತ್ತು. ನನಗೆ ಮಾತ್ರ ಆ ಹೋಲಿಕೆ ಬೇಡ ಅನಿಸುತ್ತದೆ. ಹೋಲಿಸಿದ ಕೂಡಲೇ ನಾವು ಅದರಷ್ಟಿದೆಯಾ, ಇದು ಕಮ್ಮಿಯಾ ಅಂತ ತೂಗಲು ಶುರು ಮಾಡುತ್ತೇವೆ. ಇಲ್ಲಿ ಕೂತು ನೋಡಬೇಕಾದ್ದು ಬೇರೆ ಇದೆ.

ಚಾವಣಿಯ ನಡುಭಾಗದಲ್ಲಿ ಸಾಲಾಗಿ ಇರುವುದು ಸಂತ ಅಲೋಶಿಯಸ್ ಗೊನ್ಜಾಗನ ಕಥೆ. 1568ರಲ್ಲಿ ಕ್ಯಾಸ್ಟಿಲಿಯೋನೆ ಅನ್ನುವ ಊರಿನಲ್ಲಿ ಹುಟ್ಟಿದ ಹುಡುಗ. ಅಪ್ಪ ಅಲ್ಲಿನ ಪಾಳೆಯಗಾರ, ನಮ್ಮ ಲೆಕ್ಕದಲ್ಲಿ ರಾಜಮನೆತನವೇ. ಇವನು ಹಿರಿಮಗ, ಎಲ್ಲವೂ ಇವನಿಗೇ ಬರಬೇಕು. ಒಂದು ಚಿತ್ರದಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದ ತೆಗೆದುಕೊಳ್ಳುತ್ತಾನೆ. ಇನ್ನೊಂದರಲ್ಲಿ ತನ್ನ ಹಕ್ಕನ್ನೆಲ್ಲಾ ಬಿಟ್ಟುಕೊಡುತ್ತಾನೆ. ಅದು 1585, ಅವನಿಗೆ 17. ತಮ್ಮನಿಗೆ ಬರೆದುಕೊಟ್ಟು ರೋಮಿಗೆ ಹೋಗಿ ಜೆಸ್ವಿಟ್ ಸೇರಿದ. ಇಲ್ಲಿಯವರೆಗೆ ನಮ್ಮ ಕಡೆಯ ಕಥೆಗಳಲ್ಲೂ ಕೇಳಿದ್ದೇವೆ ಅಲ್ವಾ, ರಾಜಕುಮಾರ ಎಲ್ಲಾ ಬಿಟ್ಟು ಹೋದ ಅಂತ. ಅದಾದ ಮೇಲಿನ ಚಿತ್ರ ನನ್ನನ್ನು ಹಿಡಿದು ಕೂರಿಸಿತು. ರೋಮಿನಲ್ಲಿ 1591ರಲ್ಲಿ ಸಾಂಕ್ರಾಮಿಕ ಬಂತು. ಪ್ಲೇಗ್. ಜೆಸ್ವಿಟರು ಆಸ್ಪತ್ರೆ ತೆರೆದರು. ಅಲೋಶಿಯಸ್ ಬೀದಿಯಲ್ಲಿ ಭಿಕ್ಷೆ ಎತ್ತಿದ, ರೋಗಿಗಳನ್ನು ಎತ್ತಿ ತಂದ, ಮೈ ತೊಳೆದ, ತಿನ್ನಿಸಿದ. ರೋಗ ಅವನಿಗೂ ಅಂಟಿತು. ಜೂನ್ 21ಕ್ಕೆ ಸತ್ತ. 23 ವರ್ಷ.

ಆ ಚಿತ್ರದ ಕೆಳಗೆ ಕೂತಿದ್ದಾಗ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬರು ವಯಸ್ಸಾದ ಬಾಯಿ, ಅಂದ್ರೆ ಹೆಂಗಸು, ಜಪಸರ ಹಿಡಿದು ಕೂತಿದ್ದರು. ನಾನು ಕತ್ತು ನೋವು ಬಂದು ತಿಕ್ಕಿಕೊಳ್ಳುತ್ತಿದ್ದೆ. "ಹಾಗೆ ನೋಡಿದರೆ ನೋವು ಆಗ್ತದೆ ಅಮ್ಮ, ಹಿಂದೆ ಒರಗಿ ಕೂತ್ಕೊಳ್ಳಿ" ಅಂದರು. ಆಮೇಲೆ ಮೇಲೆ ಬೆರಳು ತೋರಿಸಿ ಹೇಳಿದರು, "ಇವನಿಗೆ ಅದು ಸುಲಭ ಇರಲಿಲ್ಲ, ಗೊತ್ತುಂಟಾ? ವಾಸನೆ ತಡ್ಕೊಳ್ಳಲಿಕ್ಕೆ ಆಗ್ತಿರಲಿಲ್ಲ ಅವನಿಗೆ. ನೋಡಿದರೆ ಹೊಟ್ಟೆ ತೊಳಸ್ತಿತ್ತಂತೆ. ಆದ್ರೂ ಹೋಗ್ತಿದ್ದ."

ಮನೆಗೆ ಬಂದ ಮೇಲೆ ಓದಿ ನೋಡಿದೆ. ಬಾಯಿ ಹೇಳಿದ್ದು ನಿಜ. ಅಲೋಶಿಯಸ್ ತನ್ನ ಆತ್ಮಗುರು ಬೆಲ್ಲರ್ಮಿನ್ ಹತ್ತಿರ ಇದನ್ನು ಹೇಳಿಕೊಂಡಿದ್ದ. ರೋಗಿಗಳ ಆ ನೋಟಕ್ಕೂ ಆ ವಾಸನೆಗೂ ತನಗೆ ಹೇಸಿಗೆಯಾಗುತ್ತದೆ, ಅದನ್ನು ಮೀರಲು ತುಂಬಾ ಕಷ್ಟಪಡಬೇಕಾಗುತ್ತದೆ ಅಂತ.

ಇಲ್ಲಿ ನನ್ನ ಮನೆಯ ಮಾತು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಐದು ಸ್ಟಾರ್ ಯಾಕೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿ ಎಡಭಾಗ ಪೂರ್ತಿ ಹೋಯಿತು. ಮೂರು ವರ್ಷ ಎರಡು ತಿಂಗಳು ಹಾಸಿಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗುತ್ತದೆ. ಏರ್ ಬೆಡ್ಡಿನ ಮೋಟಾರು ರಾತ್ರಿ ಪೂರ್ತಿ ಗುಂಯ್ ಅನ್ನುತ್ತಿತ್ತು. ಎಷ್ಟು ಎಚ್ಚರ ವಹಿಸಿದರೂ ಸೊಂಟದ ಹತ್ತಿರ ಹುಣ್ಣಾಯಿತು, ಒಂದು ರೂಪಾಯಿ ಅಗಲದಿಂದ ಶುರುವಾಗಿ ಅಂಗೈ ಅಗಲಕ್ಕೆ ಹೋಯಿತು. ದಿನಾ ಡ್ರೆಸಿಂಗ್. ಕೈಗೆ ಗ್ಲೌಸು ಹಾಕಿ, ಹತ್ತಿ, ಸಲೈನ್ ನೀರು, ಗಾಜ್. ಆ ವಾಸನೆ ಬಗ್ಗೆ ಬರೆಯುವುದಿಲ್ಲ. ಮಾಡಿದವರಿಗೆ ಗೊತ್ತು. ಅಡುಗೆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ವಾಸನೆ ನನ್ನ ಮೂಗಿನಲ್ಲಿ ಇರುತ್ತಿತ್ತು.

ಅಮ್ಮನಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಏನಾದರೂ ಬೇಕಾದರೆ ಬಲಗೈಯಲ್ಲಿ ಸ್ಪೂನ್ ಹಿಡಿದು ಸ್ಟೀಲ್ ಲೋಟಕ್ಕೆ ಕುಟ್ಟುತ್ತಿದ್ದರು. ಟಣ್ ಟಣ್. ರಾತ್ರಿ ಎರಡಕ್ಕೆ, ಮೂರಕ್ಕೆ, ಐದಕ್ಕೆ. "ಬಂದೆ ಇರಮ್ಮ" ಅಂತ ಎದ್ದು ಹೋಗುತ್ತಿದ್ದೆ, ಆ ದನಿಯಲ್ಲಿ ಪ್ರೀತಿ ಇರುತ್ತಿರಲಿಲ್ಲ, ಎಷ್ಟೋ ಸಲ ಸಿಟ್ಟೇ ಇರುತ್ತಿತ್ತು. ಡಯಾಪರ್ ಬದಲಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ, ಅಮ್ಮನಿಗೆ ಅದು ಕಾಣುತ್ತಿತ್ತು. ಇಗರ್ಜಿಯಲ್ಲಿ ಸಿಕ್ಕವರು "ನೀನು ಪುಣ್ಯವಂತೆ, ದೇವರ ಸೇವೆ ಮಾಡ್ತಾ ಇದ್ದೀಯ" ಅನ್ನುವರು. ಕೇಳಿ ಒಳಗೊಳಗೇ ಕುಗ್ಗಿ ಹೋಗುತ್ತಿದ್ದೆ. ಸೇವೆ ಅಂದ್ರೆ ಸಂತೋಷದಿಂದ ಮಾಡುವುದು, ಹೇಸಿಗೆ ಆಗದೆ ಮಾಡುವುದು ಅಂತ ನನ್ನ ತಲೆಯಲ್ಲಿ ಕೂತಿತ್ತು. ಚಿಕ್ಕಂದಿನಲ್ಲಿ ನೋಡಿದ ಸಂತರ ಪಟಗಳಲ್ಲಿ ಎಲ್ಲರ ಮುಖವೂ ಶಾಂತ. ನನ್ನದು ಹಾಗಿರಲಿಲ್ಲ. ಹಾಗಾದರೆ ನಾನು ಮಾಡಿದ್ದು ಸುಮ್ನೆ ಕೂಲಿ, ದೇವರ ಲೆಕ್ಕಕ್ಕೆ ಬರುವಂಥದ್ದಲ್ಲ ಅಂತ ಅಮ್ಮ ಹೋದ ಮೇಲೂ ಎಂಟು ತಿಂಗಳು ಅಂದುಕೊಂಡಿದ್ದೆ.

ಈಗ ಹೇಳಿ, ಅರಮನೆಯಲ್ಲಿ ಹುಟ್ಟಿದ ಆ ಹುಡುಗನಿಗೂ ಹೊಟ್ಟೆ ತೊಳಸುತ್ತಿತ್ತು ಅಂತ ಕೇಳಿದಾಗ ನನಗೆ ಏನಾಗಿರಬೇಡ? ಅತ್ತೆ. ಸದ್ದು ಬರದ ಹಾಗೆ ಸೆರಗು ಕಚ್ಚಿ ಅತ್ತೆ. ಬಾಯಿ ಏನೂ ಕೇಳಲಿಲ್ಲ. ತಮ್ಮ ಜಪಸರ ಮುಂದುವರಿಸಿದರು.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೇಲೆ ನೋಡಿದೆ. ಅದೇ ಚಿತ್ರ, ಅದೇ ಬಣ್ಣ. ಮೊದಲು ಚಂದ ಅಂತ ಕಂಡದ್ದು ಕುಂಚದ ಕೆಲಸ, ಈಗ ಕಂಡ ಚಂದ ಬೇರೆ. ಕ್ರಿಸ್ತನ ಬಗ್ಗೆ ಓದಿಕೊಳ್ಳುವ ಬೈಬಲಿನ ಯೆಶಾಯನ ಗ್ರಂಥದ ಐವತ್ತಮೂರನೇ ಅಧ್ಯಾಯವನ್ನು ಪ್ರತೀ ವರ್ಷ ಶುಭ ಶುಕ್ರವಾರ ಕೇಳುತ್ತೇವೆ. ಆತನಲ್ಲಿ ನೋಡುವಂಥ ಚೆಲುವು ಇರಲಿಲ್ಲ, ಜನ ಮುಖ ತಿರುಗಿಸಿಕೊಂಡರು ಅಂತ ಬರುತ್ತದೆ. ನಲವತ್ತು ವರ್ಷದಿಂದ ಕೇಳಿದ ಮಾತು. ಮುಖ ತಿರುಗಿಸಿಕೊಳ್ಳುವುದು ಅಂದ್ರೆ ಏನು ಅಂತ ನನಗೆ ಅಮ್ಮನ ಮಂಚದ ಪಕ್ಕ ಗೊತ್ತಾಯಿತು. ಮುಖ ತಿರುಗಿಸಿದ ಮೇಲೂ ಕೈ ಕೆಲಸ ಬಿಡದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ ಅಂತ ಗೊತ್ತಾಗಿದ್ದು ಈ ಬೆಂಚಿನ ಮೇಲೆ.

ಆಮೇಲೆ ನಾವಿಬ್ಬರೂ ಮಾತಾಡಿದೆವು, ಪಿಸುಮಾತಿನಲ್ಲಿ. ಬಾಯಿ ನಿವೃತ್ತ ನರ್ಸು. ಅಮ್ಮನ ಸ್ಪೂನಿನ ವಿಷಯ ಹೇಳಿದೆ. ಅವರು ಅಲ್ಫೋನ್ಸುಸ್ ರೋಡ್ರಿಗಸ್ ಅನ್ನುವ ಜೆಸ್ವಿಟ್ ಬ್ರದರ್ ಕಥೆ ಹೇಳಿದರು. ಸ್ಪೇನಿನ ಮಯೋರ್ಕಾ ದ್ವೀಪದ ಒಂದು ಕಾಲೇಜಿನಲ್ಲಿ ದಶಕಗಟ್ಟಲೆ ಬಾಗಿಲು ಕಾದವರು. ಹೆಂಡತಿ ಮಕ್ಕಳನ್ನು ಕಳೆದುಕೊಂಡು, ವ್ಯಾಪಾರ ಮುಳುಗಿ, ಆಮೇಲೆ ಸಭೆಗೆ ಸೇರಿದವರು. ಬಾಗಿಲ ಗಂಟೆ ಬಾರಿಸಿದಾಗಲೆಲ್ಲಾ "ಬಂದೆ ಸ್ವಾಮಿ" ಅನ್ನುತ್ತಾ ಹೋಗುತ್ತಿದ್ದರಂತೆ, ಹೊರಗೆ ನಿಂತವನು ಯೇಸುವೇ ಅನ್ನುವ ಹಾಗೆ. 1888ರಲ್ಲಿ ಅವರನ್ನು ಸಂತ ಅಂತ ಸಾರಿದರು. ಮರುವರ್ಷವೇ ಮೊಸ್ಕೆನಿ ಬ್ರದರ್ ಆಗಿ ಸೇರಿದ್ದು ಅಂತ ಆಮೇಲೆ ಇಸವಿ ನೋಡಿದಾಗ ಹೊಳೆಯಿತು. ಬಾಗಿಲು ಕಾದ ಒಬ್ಬ ಬ್ರದರ್ ಸಂತನಾದ ಸುದ್ದಿ ಆಗ ಜೆಸ್ವಿಟ್ ಮನೆಗಳಲ್ಲೆಲ್ಲಾ ಹೊಸದು.

"ನೀವು ಕೂಡ ಬಂದೆ ಅಂತಲೇ ಹೇಳಿದ್ದಲ್ವಾ" ಅಂದರು ಬಾಯಿ. ಸಿಟ್ಟಿನಲ್ಲಿ ಹೇಳುತ್ತಿದ್ದೆ ಅಂದೆ. "ಹೇಳಿ ಹೋದಿರಲ್ಲ" ಅಂದರು. ಅಷ್ಟೇ.

ಇನ್ನೊಂದು ಮಾತು. ಇದನ್ನು ಮಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳಬೇಕು, ಆದರೆ ಪ್ರವಾಸಿಗರಿಗೆ ಯಾರೂ ಹೇಳುವುದಿಲ್ಲ. ಚಾಪೆಲ್ಲಿನ ಚಿತ್ರ ಮುಗಿದದ್ದು 1901ರಲ್ಲಿ. ರೋಮಿನ ಪ್ಲೇಗು, ಮುನ್ನೂರು ವರ್ಷದ ಹಿಂದಿನದು, ಚಾವಣಿ ಮೇಲೆ. ಮರುವರ್ಷ 1902ರಲ್ಲಿ ಮಂಗಳೂರಿಗೇ ಪ್ಲೇಗ್ ಬಂತು. ಆಗ ರೋಗಿಗಳಿಗೆ ಜಾಗ ಮಾಡಿಕೊಟ್ಟವರಲ್ಲಿ ಒಬ್ಬರು ಇದೇ ಜೆಸ್ವಿಟ್ ಸಭೆಯ ಫಾದರ್ ಅಗಸ್ಟಸ್ ಮುಲ್ಲರ್, ಜರ್ಮನಿಯವರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ತಂಡದಲ್ಲಿದ್ದವರು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಒಂದು ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು, ಆ ಕಾಲದಲ್ಲಿ ಮನೆಯವರೇ ಹೊರಗೆ ಹಾಕುತ್ತಿದ್ದವರಿಗೆ. 1910ರಲ್ಲಿ ಇಲ್ಲೇ ತೀರಿಕೊಂಡರು. ಇವತ್ತು ಫಾದರ್ ಮುಲ್ಲರ್ ಆಸ್ಪತ್ರೆ ಅಂದ್ರೆ ಕರಾವಳಿಯಲ್ಲಿ ಗೊತ್ತಿಲ್ಲದವರಿಲ್ಲ. ಬಾವುಟಗುಡ್ಡೆಯ ಚಾವಣಿಯಲ್ಲಿ ಇರುವುದೂ ಕಂಕನಾಡಿಯಲ್ಲಿ ನಡೆದದ್ದೂ ಒಂದೇ ಕೆಲಸ. ಒಂದು ಕಡೆ ಬಣ್ಣದಲ್ಲಿ, ಇನ್ನೊಂದು ಕಡೆ ಬಕೆಟ್ಟು ಬಟ್ಟೆಯಲ್ಲಿ. ಸಮಯ ಇದ್ದರೆ ಚಾಪೆಲ್ ನೋಡಿ ಕಂಕನಾಡಿ ಕಡೆ ಹೋಗಿ ಬನ್ನಿ. ನೋಡಲು ಅಲ್ಲಿ ಚಿತ್ರ ಹುಡುಕಬೇಡಿ, ಒಪಿಡಿ ಮುಂದಿನ ಬೆಂಚಿನಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ಹಿಡಿದುಕೊಂಡು ಕೂತವರು ಕಾಣುತ್ತಾರೆ.

ಚಾಪೆಲ್ಲಿಗೆ ವಾಪಸ್ ಬರುತ್ತೇನೆ. ಪ್ರೇಷಿತರ, ಅಂದ್ರೆ ಯೇಸುವಿನ ಸಂದೇಶ ಸಾರಿದ ಮೊದಲ ಶಿಷ್ಯರ, ಚಿತ್ರಗಳನ್ನೂ ಬಿಡಬೇಡಿ. ಪ್ರೇಷಿತರನ್ನು ಗುರುತು ಹಿಡಿಯಲು ಒಂದು ಹಳೆಯ ಪದ್ಧತಿ ಇದೆ, ಅವರ ಜೊತೆಗಿರುವ ವಸ್ತು ನೋಡಬೇಕು. ಅಂದ್ರೇಯನಿಗೆ ಓರೆ ಶಿಲುಬೆ, ಬಾರ್ತೊಲೊಮಾಯನಿಗೆ ಚರ್ಮ ಸುಲಿಯುವ ಚಾಕು, ಪೌಲನಿಗೆ ಕತ್ತಿ. ಅಂದ್ರೆ ಎಷ್ಟೋ ಜನರಿಗೆ ಯಾವುದರಿಂದ ಕೊಂದರೋ ಅದೇ ಅವರ ಗುರುತು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ಹೇಳಿಕೊಡಿ, ಹುಡುಕುವುದರಲ್ಲಿ ಅವರಿಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಒಂದು ಗಂಟೆ ಇಟ್ಟುಕೊಳ್ಳಿ, ಕಮ್ಮಿ ಬೇಡ. ವಾರದ ದಿನ, ಬೆಳಿಗ್ಗೆ ಹೋದರೆ ಗದ್ದಲ ಕಮ್ಮಿ. ನಾನಿದ್ದಾಗ ಎರಡು ಟೂರ್ ಗುಂಪು ಬಂದು ಹೋದವು, ಎರಡೂ ಓಡುತ್ತಲೇ ಬಂದು ಓಡುತ್ತಲೇ ಹೋದವು, ಪಾಪ ಅವರದ್ದು ತಪ್ಪಲ್ಲ, ಹೊರಗೆ ಹಾರ್ನ್ ಕೇಳಿಸುತ್ತಿತ್ತು. ಪ್ಯಾಕೇಜಿನಲ್ಲಿ ಬರುವವರು ಮೊದಲೇ ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ, ಬೇಕಾದರೆ ಬೀಚಿನ ಹೊತ್ತು ಕಮ್ಮಿ ಮಾಡಿಕೊಳ್ಳಿ. ಫೋನ್ ಬ್ಯಾಗಿನಲ್ಲಿಡಿ. ಮುಂದಿನ ಬೆಂಚಿಗಿಂತ ನಡುವಿನ ಬೆಂಚು ಒಳ್ಳೆಯದು, ಹಿಂದಕ್ಕೆ ಒರಗಿದರೆ ಚಾವಣಿ ಸರಿಯಾಗಿ ಕಾಣುತ್ತದೆ. ವಯಸ್ಸಾದವರಿಗೆ ಗುಡ್ಡ ಹತ್ತುವುದು ಕಷ್ಟ, ಆಟೋ ಮಾಡಿ. ಬೇರೆ ಧರ್ಮದವರು ಹೋಗಬಹುದಾ ಅಂತ ಕೆಲವರು ಕೇಳುತ್ತಾರೆ. ಧಾರಾಳವಾಗಿ. ನನ್ನ ಮುಂದಿನ ಬೆಂಚಿನಲ್ಲಿ ಸೀರೆಯುಟ್ಟು ಕುಂಕುಮ ಇಟ್ಟ ಇಬ್ಬರು ಅಕ್ಕತಂಗಿಯರು ಕೈ ಮುಗಿದು ಕೂತಿದ್ದರು. ಪ್ರಾರ್ಥನೆ ನಡೆಯುತ್ತಿದ್ದರೆ ಸದ್ದು ಮಾಡದೆ ಕೂರಿ, ಅಷ್ಟು ಸಾಕು.

ಸುಣ್ಣದ ಗೋಡೆಗೆ ಕರಾವಳಿಯ ಮಳೆ, ಉಪ್ಪುಗಾಳಿ ಎರಡೂ ಶತ್ರು. ತೇವ ಒಳಗೆ ಹೋದರೆ ಬಣ್ಣ ಏಳುತ್ತದೆ. 1990ರ ದಶಕದಲ್ಲಿ, ಹಳೆಯ ಕಟ್ಟಡ, ಕಲೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಈ ಚಿತ್ರಗಳನ್ನು ಉಳಿಸುವ ಕೆಲಸ ಮಾಡಿದ್ದಾರೆ. ಅದನ್ನು ಮಾಡಿದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಹತ್ತಿ ಉಂಡೆ ಹಿಡಿದು, ಒಂದೊಂದು ಅಂಗುಲ ಒರೆಸಿ ಕೊಳೆ ತೆಗೆಯುವ ಕೆಲಸ ಅದು. ಗಾಯ ಒರೆಸುವ ಹಾಗೆಯೇ, ಜೋರಾಗಿ ಒತ್ತುವಂತಿಲ್ಲ. ದಯವಿಟ್ಟು ಗೋಡೆ ಮುಟ್ಟಬೇಡಿ, ಒರಗಬೇಡಿ. ಕೈಯ ಬೆವರು ಸಾಕು ಹಾಳಾಗಲು.

ಸಂಜೆಯವರೆಗೆ ಅಲ್ಲೇ ಸುತ್ತಮುತ್ತ ಇದ್ದೆ. ಬಸ್ಸಿಗೆ ಮುಂಚೆ ತಮ್ಮನಿಗೆ ಫೋನ್ ಮಾಡಿದೆ. ಅವನ ಬಗ್ಗೆ ಇಲ್ಲಿಯವರೆಗೆ ಬರೆಯಲಿಲ್ಲ. ಅಮ್ಮನ ಔಷಧಿ, ಡಯಾಪರ್, ಏರ್ ಬೆಡ್, ಎಲ್ಲದಕ್ಕೂ ದುಡ್ಡು ಕಳಿಸಿದ್ದು ಅವನೇ. ಆದರೆ ಬಂದಾಗ ರೂಮಿನ ಬಾಗಿಲಲ್ಲಿ ಕರ್ಚೀಫು ಮೂಗಿಗೆ ಹಿಡಿದು ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಕೊನೆಯ ವಾರ ಬಂದಿದ್ದಾಗಲೂ ಅಷ್ಟೇ. ಅದಕ್ಕೆ ನಾನು ಅವನನ್ನು ಕ್ಷಮಿಸಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ, ಅವನೂ ಮಾತಾಡಿರಲಿಲ್ಲ.

ಚಾವಣಿಯ ಕಥೆ ಹೇಳಿದೆ. ಹೇಗೆ ಶುರು ಮಾಡಬೇಕು ಗೊತ್ತಾಗದೆ ನೇರ ಅದನ್ನೇ ಹೇಳಿದೆ. ಅವನು ಸುಮ್ಮನೆ ಕೇಳಿದ. ಲೈನ್ ಕಟ್ಟಾಯಿತೇನೋ ಅಂತ "ಕೇಳಿಸ್ತಾ ಇದೆಯಾ?" ಅಂದೆ.

"ಆ ಹುಡುಗನಿಗೂ ವಾಂತಿ ಬರ್ತಿತ್ತಾ ಅಕ್ಕ?" ಅಂದ.

"ಹೂಂ ಕಣೋ. ಅವನಿಗೂ."

ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ತಾನು ಪ್ರತೀ ಸಲ ಒಳಗೆ ಬರಬೇಕು ಅಂತಲೇ ಹೊರಡುತ್ತಿದ್ದೆ, ಬಾಗಿಲ ಹತ್ತಿರ ಬಂದರೆ ಕಾಲು ಏಳುತ್ತಿರಲಿಲ್ಲ, ವಾಪಸ್ ಹೋಗುವಾಗ ಬಸ್ಸಿನಲ್ಲಿ ಅಳುತ್ತಿದ್ದೆ ಅಂತ ಹೇಳಿದ. ನನಗೆ ಇದು ಗೊತ್ತಿರಲಿಲ್ಲ. ಮೂರು ವರ್ಷ ನಾನು ಅವನ ಕರ್ಚೀಫು ಮಾತ್ರ ನೋಡಿದ್ದೆ.

ಈಸ್ಟರ್ ಕಳೆದ ಮೇಲೆ ಇಬ್ಬರೂ ಹೋಗುತ್ತಿದ್ದೇವೆ. ರಾತ್ರಿ ಬಸ್ಸಿಗೆ ಎರಡು ಸೀಟು ಬುಕ್ ಮಾಡಿದ್ದೇನೆ. ವ್ಯಾನು, ಪ್ಯಾಕೇಜು ಏನೂ ಇಲ್ಲ. ನಡುವಿನ ಬೆಂಚು, ಬಲಗಡೆ.